ಹಿಂದಿನ ಗೇಟಿಗೆ ಏಳು ಸಾಕ್ಷಿ

ಮೇಷ್ಟ್ರಿಗೆ ಶಾಲೆಯಲ್ಲಿ ಮಿಲಿಮೀಟರ್ ಎಂದು ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ತಂಡ ಮಕ್ಕಳು ಬಂದು ಹೋದರೂ ಆ ಹೆಸರು ಮಾತ್ರ ಬೆಂಚಿನ ಮೇಲೆ ಕೆತ್ತಿದ ಹಾಗೆ ಉಳಿದುಕೊಂಡಿತ್ತು. ಅವರಿಗೂ ಅದರ ಬಗ್ಗೆ ಸಿಟ್ಟಿರಲಿಲ್ಲ. ವಿಜ್ಞಾನ ಕಲಿಸುವವನನ್ನು ಕಿಲೋಮೀಟರ್ ಅಂದಿದ್ದರೆ ಬೇಜಾರಾಗಬಹುದಿತ್ತು, ಮಿಲಿಮೀಟರ್ ಅಂದರೆ ಒಂದು ಥರದ ಮರ್ಯಾದೆಯೇ ಎಂದು ಸಮಾಧಾನ ಮಾಡಿಕೊಂಡಿದ್ದರು.

ಆ ವರ್ಷ ಮಕ್ಕಳು ಕಡಿಮೆಯಾಗಿ ಎರಡು ವಿಭಾಗ ಒಂದಾದವು. ಇಬ್ಬರು ವಿಜ್ಞಾನ ಮೇಷ್ಟ್ರುಗಳ ಕೆಲಸಕ್ಕೆ ಒಬ್ಬರು ಸಾಕಾಯಿತು. ಮುಖ್ಯೋಪಾಧ್ಯಾಯಿನಿ ಇವರನ್ನು ಕೋಣೆಗೆ ಕರೆದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎನ್ನುವುದು ಇಡೀ ಶಾಲೆಗೆ ಗೊತ್ತಿದ್ದ ವಿಷಯ.

"ನೋಡಿ ಸರ್, ಸುತ್ತಿ ಬಳಸಿ ಹೇಳಲ್ಲ. ಹೆಚ್ಚುವರಿ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ನದಿ ಆಚೆಯ ಶಾಲೆಗೆ ಹಾಕ್ತಾರೆ."

"ಎರಡು ಗಂಟೆ ಹತ್ತು ನಿಮಿಷ," ಅಂದರು ಮೇಷ್ಟ್ರು.

"ಏನು?"

"ಎರಡು ಬಸ್ಸು ಬದಲಾಯಿಸಿ ಹೋದರೆ. ಒಂದು ಕಡೆಗೆ."

"ಅದಕ್ಕೇ ಹೇಳ್ತಿರೋದು. ಇಲ್ಲಿ ಸಮಾಜ ವಿಜ್ಞಾನಕ್ಕೆ ಯಾರೂ ಇಲ್ಲ. ಆರು ದಿನದ ತರಬೇತಿ ಇದೆ. ಕೊನೆಗೆ ತರಬೇತಿ ಕೊಟ್ಟವರು ಬಂದು ನಿಮ್ಮ ಪಾಠ ನೋಡ್ತಾರೆ. ಪಾಸು ಅಂತ ಟಿಕ್ ಹಾಕಿದರೆ ಇಲ್ಲೇ ಇರ್ತೀರಿ. ಇಲ್ಲಾಂದ್ರೆ ನಾನು ಕೈ ಚೆಲ್ಲಿದೆ ಅಂದ್ಕೊಳ್ಳಿ."

ಮೇಷ್ಟ್ರ ಹೆಂಡತಿ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಕೆಲಸದವಳು. ಬೆಳಿಗ್ಗೆ ಆರಕ್ಕೆ ಹೊರಟುಬಿಡುತ್ತಾಳೆ. ಹಾಸಿಗೆ ಹಿಡಿದ ಅವಳ ಅಮ್ಮನಿಗೆ ಏಳೂವರೆಗೆ ಮಾತ್ರೆ ಕೊಟ್ಟು, ಮಗ್ಗುಲು ಬದಲಾಯಿಸಿ, ಕಿಟಕಿ ತೆರೆದಿಟ್ಟು ಹೊರಡುವುದು ಮೇಷ್ಟ್ರ ಪಾಲಿನ ಕೆಲಸ. ನದಿ ಆಚೆಯ ಶಾಲೆಗೆ ಹೋಗಬೇಕೆಂದರೆ ಐದೂವರೆಗೇ ಮನೆ ಬಿಡಬೇಕು. ಈ ಲೆಕ್ಕದಲ್ಲಿ ಎಲ್ಲಿ ಏನು ಕಳೆದರೂ ಅತ್ತೆಯ ಏಳೂವರೆ ಮಾತ್ರ ಉಳಿದುಬಿಡುತ್ತಿತ್ತು.

ತರಬೇತಿ ನಡೆದದ್ದು ಹಳೆಯ ಗ್ರಂಥಾಲಯದ ಮಹಡಿಯಲ್ಲಿ. ಮೇಜುಗಳನ್ನು ಸಾಲಾಗಿ ಇಡದೆ ಗುಂಪುಗುಂಪಾಗಿ ಇಟ್ಟಿದ್ದರು. ಹಲಗೆ ಯಾವ ಕಡೆ ಇದೆ, ತಾನು ಯಾವ ಕಡೆ ತಿರುಗಿ ಕೂರಬೇಕು ಎನ್ನುವುದೇ ಮೇಷ್ಟ್ರಿಗೆ ತಿಳಿಯಲಿಲ್ಲ. ತರಬೇತಿ ಕೊಡುವಾಕೆಗೆ ವಿಪರೀತ ನೆಗಡಿ. ಎಲ್ಲರೂ ಮೊದಲ ಗಂಟೆಯಲ್ಲೇ ಅವಳಿಗೆ ನೆಗಡಿ ಮೇಡಂ ಎಂದು ಹೆಸರಿಟ್ಟರು. ಅವಳು ಪ್ರತಿ ಮೇಜಿಗೂ ಒಂದೊಂದು ಹಾಳೆ ಹಂಚಿದಳು. ಅದರಲ್ಲಿ ಒಂದೇ ಅಪಘಾತವನ್ನು ಕಂಡ ಐವರ ಹೇಳಿಕೆಗಳು. ಐದಕ್ಕೆ ಐದೂ ಬೇರೆ. ಒಬ್ಬರಿಗೆ ಸೈಕಲ್ಲು ಬಲಗಡೆಯಿಂದ ಬಂದಿತ್ತು, ಇನ್ನೊಬ್ಬರಿಗೆ ಎಡಗಡೆಯಿಂದ. ಮೂರನೆಯವರಿಗೆ ಸೈಕಲ್ಲೇ ಇರಲಿಲ್ಲ.

"ಸರಿಯುತ್ತರ ಯಾವುದು ಮೇಡಂ?" ಮೇಷ್ಟ್ರು ಕೇಳಿದರು.

"ಸರಿಯುತ್ತರ ಹಾಳೆಯ ಹಿಂದೆ ಇರಲ್ಲ ಸರ್," ಅಂದಳು, ಮೂಗು ಒರೆಸಿಕೊಳ್ಳುತ್ತಾ.

ಮೇಷ್ಟ್ರು ಹಾಳೆ ತಿರುಗಿಸಿ ನೋಡಿದರು. ನಿಜವಾಗಿಯೂ ಇರಲಿಲ್ಲ. ಪಕ್ಕದಲ್ಲಿದ್ದ ಬೇರೆ ಶಾಲೆಯ ಭೂಗೋಳದ ಮೇಷ್ಟ್ರು ಇದೇ ತರಬೇತಿಗೆ ನಾಲ್ಕನೆಯ ಸಲ ಬಂದವರು. ಅವರು ಕಿವಿಯ ಹತ್ತಿರ ಬಾಗಿದರು. "ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ ಮಾರಾಯ್ರೆ. ತಲೆ ಆಡಿಸಿ. ತಲೆ ಆಡಿಸೋ ಗುಂಪಿಗೆ ಚಹಾ ಬೇಗ ಕೊಡ್ತಾರೆ."

ಆದರೆ ಮೇಷ್ಟ್ರಿಗೆ ತಲೆ ಆಡಿಸಲು ಬರುತ್ತಿರಲಿಲ್ಲ. ಆರು ದಿನವೂ ಮೊದಲ ಸಾಲು ಎಲ್ಲಿದೆ ಎಂದು ಹುಡುಕಿ ಅಲ್ಲಿ ಕುಳಿತು ಬರೆದುಕೊಂಡರು. ಹೇಳಿಕೆ ಸಿಕ್ಕಿದಾಗ ಮೂರು ಪ್ರಶ್ನೆ ಕೇಳಬೇಕು: ಯಾರು ಹೇಳಿದರು, ಯಾವಾಗ ಹೇಳಿದರು, ಹೇಳಿದ್ದರಿಂದ ಅವರಿಗೇನು ಆಗಬೇಕಿತ್ತು. ಮಕ್ಕಳು ಹೆಸರಿಗೆ ಮರುಳಾಗದಿರಲಿ ಎಂದು ಮೊದಲು ಹೆಸರು ಮುಚ್ಚಿಟ್ಟು ಮಾತನ್ನಷ್ಟೇ ತೂಗಬೇಕು, ಆಮೇಲೆ ಹೆಸರು ತೆರೆಯಬೇಕು. ಪಾಠಕ್ಕೆ ದೊಡ್ಡ ರಾಜರು, ಯುದ್ಧಗಳೇ ಬೇಕಿಲ್ಲ. ಎಲ್ಲರಿಗೂ ಗೊತ್ತಿದೆ ಅಂದುಕೊಂಡಿರುವ ಹತ್ತಿರದ ಸಂಗತಿಯೊಂದು ಸಾಕು. ಇದೆಲ್ಲ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದಾಯಿತು. ಅರ್ಥ ಮಾತ್ರ ಪುಸ್ತಕ ಮುಚ್ಚಿದ ಕೂಡಲೇ ಅದರೊಳಗೇ ಉಳಿದುಬಿಡುತ್ತಿತ್ತು.

ಹತ್ತಿರದ ಸಂಗತಿಯನ್ನು ಹುಡುಕಿಕೊಟ್ಟದ್ದು ಎಂಟನೆಯ ತರಗತಿಯೇ. ಶಾಲೆಯ ಮುಖ ಪೂರ್ವಕ್ಕೆ. ಹಿಂದೆ, ಪಡುವಣ ಗೋಡೆಯ ಆಚೆ ಒಂದು ಕಿರಿದಾದ ಬೀದಿ. ಆ ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆಯ ಬಣ್ಣ ಬೇರೆ. ಅಲ್ಲೊಂದು ಗೇಟಿತ್ತು, ಯಾವಾಗಲೋ ಮುಚ್ಚಿದರು. ಆ ಬೀದಿಯ ಮಕ್ಕಳು ಇವತ್ತಿಗೂ ಅರ್ಧ ಊರು ಸುತ್ತಿ ಮುಂದಿನ ಗೇಟಿಗೆ ಬರುತ್ತಾರೆ.

"ಯಾಕೆ ಮುಚ್ಚಿದ್ರು, ಯಾವಾಗ ಮುಚ್ಚಿದ್ರು ಅಂತ ಕೇಳ್ಕೊಂಡು ಬನ್ನಿ," ಮೇಷ್ಟ್ರು ಸೋಮವಾರ ಹೇಳಿದರು. "ಹೇಳೋರು ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಮುಂದುಗಡೆ ಎಷ್ಟು ವರ್ಷ ಆಯ್ತು ಅಂತ ದೊಡ್ಡದಾಗಿ. ಹಿಂದುಗಡೆ ಅವರು ಹೇಳಿದ ಮಾತು. ಹೆಸರು ಬರೀಬೇಡಿ, ನಂಬರ್ ಹಾಕಿ. ಯಾವ ನಂಬರ್ ಯಾರದು ಅಂತ ನಿಮ್ಮಲ್ಲೇ ಇರಲಿ."

"ಆದ್ರೆ ಸರ್, ಅವರು ಸುಳ್ಳು ಹೇಳಿದ್ರೆ?" ಎಂದಳು ಮೂರನೆಯ ಬೆಂಚಿನ ಹುಡುಗಿ. ಅವಳು ಬಾಯಿ ತೆರೆದರೆ ಮೊದಲು ಬರುವ ಮಾತೇ ಅದು. ಹಾಗಾಗಿ ಅವಳ ಹೆಸರೇ ಆದ್ರೆ ಎಂದಾಗಿತ್ತು. ಅವಳ ಅಕ್ಕ ಇದೇ ಶಾಲೆಯಲ್ಲಿ ಓದುವಾಗ ತುಟಿ ಬಿಚ್ಚುತ್ತಿರಲಿಲ್ಲ. ಅಕ್ಕನ ಪಾಲಿನ ಮಾತನ್ನೂ ತಂಗಿಯೇ ಆಡುತ್ತಿದ್ದಾಳೆ ಎಂದು ಶಿಕ್ಷಕರ ಕೋಣೆಯಲ್ಲಿ ನಗೆಯಾಡುತ್ತಿದ್ದರು.

"ಸುಳ್ಳಾದರೂ ಬರ್ಕೊಂಡು ಬಾ."

ಗುರುವಾರದ ಹೊತ್ತಿಗೆ ಏಳು ಕಾರ್ಡು ಬಂದವು. ಮೇಷ್ಟ್ರು ಅವನ್ನು ಮನೆಗೆ ಒಯ್ದು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಹಿಂದುಗಡೆಯ ಮಾತುಗಳಲ್ಲಿ ಮೊದಲ ನಾಲ್ಕನ್ನು ಓದುವಷ್ಟರಲ್ಲಿ ತಲೆ ಗಿರ್ರೆಂದಿತು. ಒಬ್ಬರು ಲಾರಿ ಬಂದು ಮಗುವಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು, ಅದಕ್ಕೇ ಮುಚ್ಚಿದರು ಅಂದಿದ್ದರು. ಇನ್ನೊಬ್ಬರ ಪ್ರಕಾರ ಹುಡುಗರು ಆ ಗೇಟಿನಿಂದ ಸಿನಿಮಾಕ್ಕೆ ಓಡುತ್ತಿದ್ದರು. ಮತ್ತೊಬ್ಬರು, "ನನ್ನ ಅಂಗಡಿ ವ್ಯಾಪಾರ ಕಂಡು ಹೊಟ್ಟೆ ಉರಿದು ಮುಚ್ಚಿಸಿದ್ರು" ಅಂದಿದ್ದರು. ನಾಲ್ಕನೆಯವರದು ಇನ್ನೂ ವಿಚಿತ್ರ: "ಯಾರೂ ಮುಚ್ಚು ಅನ್ನಲಿಲ್ಲ. ಗೋಡೆ ಬಿದ್ದಿತ್ತು, ಕಟ್ಟಿದೆ. ಕಬ್ಬಿಣದ ಗೇಟು ಬರುತ್ತೆ ಅಂತ ಮೂರು ದಿನ ಕಾದೆ. ಬರಲಿಲ್ಲ. ಜಾಗ ಹಾಗೇ ಬಿಡೋದು ಹೇಗೆ?"

ಯಾವುದನ್ನು ನಂಬುವುದು? ಲಾರಿ ಮತ್ತು ಸಿನಿಮಾಗಳನ್ನು ಕೂಡಿಸಿ ಭಾಗಿಸಲು ಬರುವುದಿಲ್ಲ. ಮೇಷ್ಟ್ರು ಉಳಿದ ಮೂರರ ಬೆನ್ನು ನೋಡದೆ ಏಳೂ ಕಾರ್ಡುಗಳನ್ನು ಮುಂಬದಿಗೆ ತಿರುಗಿಸಿದರು. ಅಲ್ಲಿ ಅಂಕೆಗಳಿದ್ದವು. ಇಪ್ಪತ್ನಾಲ್ಕು, ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ನಾಲ್ಕು, ಇಪ್ಪತ್ತೇಳು, ಇಪ್ಪತ್ನಾಲ್ಕು, ಹದಿನೈದು. ಬಿಸಿಲಲ್ಲಿ ಅಲೆದವನಿಗೆ ನೆರಳು ಸಿಕ್ಕ ಹಾಗಾಯಿತು.

"ಏನ್ರೀ ಒಬ್ಬರೇ ನಗ್ತಿದ್ದೀರಿ?" ಹೆಂಡತಿ ಅಮ್ಮನ ಹೊದಿಕೆ ಮಡಚುತ್ತಾ ಕೇಳಿದಳು.

"ಸರಿಯುತ್ತರ ಸಿಕ್ಕಿತು ಕಣೆ. ಹಾಳೆಯ ಮುಂದೆಯೇ ಇತ್ತು."

ಶುಕ್ರವಾರ ಎಂಟು ಹೊಡೆದು ಹತ್ತು ನಿಮಿಷಕ್ಕೆ ಮೊದಲ ಅವಧಿ. ನೆಗಡಿ ಮೇಡಂ ಹಿಂದಿನ ಬೆಂಚಿನಲ್ಲಿ ತೊಡೆಯ ಮೇಲೆ ಒಂದು ಹಾಳೆ ಇಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಮುಖ್ಯೋಪಾಧ್ಯಾಯಿನಿ, ಸದ್ಯಕ್ಕೆ ಕನ್ನಡಕ ಹಾಕಿಕೊಂಡೇ. ಮೇಷ್ಟ್ರು ಹಲಗೆಯ ಮೇಲೆ ಅಡ್ಡಗೆರೆ, ಉದ್ದಗೆರೆ ಎಳೆದು ಏಳು ಅಂಕೆಗಳನ್ನು ಬರೆದರು. ಬಳಪ ಎಲ್ಲೂ ನಡುಗಲಿಲ್ಲ.

"ಎಲ್ಲ ಕೂಡಿಸಿದ್ರೆ ನೂರ ಅರವತ್ತೈದು. ಏಳರಿಂದ ಭಾಗಿಸಿದ್ರೆ ಇಪ್ಪತ್ತಮೂರೂವರೆ ಚಿಲ್ಲರೆ. ಆದರೆ ನೋಡಿ, ಆರು ಜನ ಒಂದು ಕಡೆ ಗುಂಪಾಗಿದ್ದಾರೆ. ಏಳನೇ ನಂಬರ್ ಮಾತ್ರ ಎಲ್ಲೋ ದೂರ ಬಿದ್ದಿದೆ. ಪ್ರಯೋಗದಲ್ಲಿ ಇಂಥ ಅಳತೆ ಬಂದರೆ ಏನು ಮಾಡ್ತೀವಿ?"

ತರಗತಿಯಲ್ಲಿ ಎಲ್ಲೋ ಒಂದು ಕಿಸಕ್ಕೆಂದ ಸದ್ದು. ಯಾರೋ ಯಾರದೋ ಕಾಲು ತುಳಿದರು.

"ತೆಗೆದುಹಾಕ್ತೀವಿ," ಮೇಷ್ಟ್ರೇ ಉತ್ತರ ಕೊಟ್ಟು ಹದಿನೈದರ ಮೇಲೆ ಗೀಟೆಳೆದರು. "ಪಾಪ, ನೆನಪಿನ ಶಕ್ತಿ ಕುಂದಿದ ಯಾರೋ ಇರಬೇಕು. ಇಲ್ಲವೇ ಗಮನ ಇಲ್ಲದ ಮನುಷ್ಯ. ಈಗ ಆರು ಜನದ ಸರಾಸರಿ ನೋಡಿ. ನೂರೈವತ್ತು ಭಾಗಿಸು ಆರು. ಸರಿಯಾಗಿ ಇಪ್ಪತ್ತೈದು!"

ಇಪ್ಪತ್ತೈದರ ಸುತ್ತ ಪೆಟ್ಟಿಗೆ ಎಳೆದು ತಿರುಗಿದರು. ಅಷ್ಟು ಹೊತ್ತಿಗೆ ಇಡೀ ತರಗತಿ ಬಾಯಿಗೆ ಕೈ ಅಡ್ಡ ಹಿಡಿದಿತ್ತು. ಹಿಂದೆ ನೆಗಡಿ ಮೇಡಂ ಹಾಳೆಯ ಮೇಲೆ ಏನೋ ಬರೆದು ಅದರ ಕೆಳಗೆ ಎರಡು ಸಲ ಗೀಟೆಳೆದಳು. ಮುಖ್ಯೋಪಾಧ್ಯಾಯಿನಿಯ ಕೈ ಕನ್ನಡಕದ ಕಡೆ ಹೋಗುತ್ತಿತ್ತು. ಮೇಷ್ಟ್ರು ಹಲಗೆಯ ಕಡೆ ತಿರುಗಿದರು. ಭಾಗಾಕಾರ ತಪ್ಪಿತೇ? ಮನಸ್ಸಿನಲ್ಲೇ ಇನ್ನೊಮ್ಮೆ ಮಾಡಿ ನೋಡಿದರು. ತಪ್ಪಿರಲಿಲ್ಲ.

"ಆದ್ರೆ ಸರ್..." ಹುಡುಗಿ ಎದ್ದು ನಿಂತಳು. "ಏಳನೇ ಕಾರ್ಡಿನ ಹಿಂದುಗಡೆ ಓದಬಹುದಾ?"

"ತೆಗೆದುಹಾಕಿದ್ದನ್ನ ಯಾಕಮ್ಮ ಓದೋದು?"

"ಓದಲಿ ಸರ್," ಹಿಂದಿನಿಂದ ನೆಗಡಿ ಮೇಡಂ ಅಂದಳು.

ಹುಡುಗಿ ಕಾರ್ಡು ತಿರುಗಿಸಿ ಓದಿದಳು: "ಹದಿನೈದು ವರ್ಷ ಆಗಿರಬೇಕು. ನಾನು ಸೇರಿದ ದಿನ ಆ ಗೇಟು ತೆರೆದಿತ್ತು. ಮಸೂರಗಳ ಡಬ್ಬ ಹಿಡ್ಕೊಂಡು ಅಲ್ಲಿಂದಲೇ ಒಳಗೆ ಬಂದೆ. ಕಾಲಿಡ್ತಿದ್ದ ಹಾಗೇ ಬಿಸಿಲು ನೇರ ಕಣ್ಣಿಗೆ ಹೊಡೀತು. ಹೋಗಮ್ಮ, ಪೇಪರ್ ತಿದ್ತಾ ಇದೀನಿ, ಆಮೇಲೆ ಬಾ."

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಹಲಗೆಯ ಮೇಲೆ ತಾವೇ ಗೀಟು ಹಾಕಿದ ಹದಿನೈದನ್ನು ನೋಡಿದರು. ಮಂಗಳವಾರ, ಮೊಗಸಾಲೆಯಲ್ಲಿ, ಕೆಂಪು ಪೆನ್ನು ಹಿಡಿದು ಯಾರಿಗೋ ಏನೋ ಹೇಳಿದ್ದು ಈಗ ಹೊಳೆಯಿತು. ಆ ಹದಿನೈದು ಬಾಯಿಗೆ ಬಂದ ಅಂಕೆ. ಆದರೆ ಗೇಟು ಮಾತ್ರ, ಡಬ್ಬ ಮಾತ್ರ, ಬಿಸಿಲು ಮಾತ್ರ ನಿನ್ನೆ ಕಂಡಷ್ಟು ನಿಚ್ಚಳ. ತಾನು ಸೇರಿ ಇಪ್ಪತ್ತೆರಡು ವರ್ಷ. ಉಳಿದವರ ಲೆಕ್ಕದಲ್ಲಿ ಕಡಿಮೆಯೆಂದರೂ ಇಪ್ಪತ್ನಾಲ್ಕು ವರ್ಷದ ಹಿಂದೆ ಮುಚ್ಚಿದ ಗೇಟಿನಿಂದ ಒಳಗೆ ಬಂದದ್ದು ಹೇಗೆ?

"ಇದು... ಇದು ನನ್ನ ಹೇಳಿಕೆ," ಅಂದರು. ಮುಂದೇನು ಹೇಳಬೇಕೆಂದು ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಬಳಪ ಎಲ್ಲಿಡಬೇಕೆಂದೂ ತಿಳಿಯದೆ ಜೇಬಿಗೆ ಹಾಕಿಕೊಂಡರು. ಆಮೇಲೆ, ಬೇರೇನೂ ತೋಚದೆ, ಹುಡುಗಿಯ ಬೆಂಚಿನ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತುಬಿಟ್ಟರು. "ಕೇಳಿ. ಸಾಕ್ಷಿಯನ್ನ ಏನೇನು ಕೇಳಬೇಕೋ ಕೇಳಿ."

ಮೇಷ್ಟ್ರನ್ನು ಪ್ರಶ್ನೆ ಕೇಳುವುದೆಂದರೆ ಏನೆಂದು ಮಕ್ಕಳಿಗೂ ಗೊತ್ತಿರಲಿಲ್ಲ. ಆಮೇಲೆ ಒಡ್ಡು ಒಡೆಯಿತು.

"ಸರ್, ಡಬ್ಬ ಎಷ್ಟು ದೊಡ್ಡದಿತ್ತು?"

"ಮೊಣಕೈಯಿಂದ ಬೆರಳ ತುದಿವರೆಗೆ. ನಲವತ್ತಾರು ಸೆಂಟಿಮೀಟರ್."

"ಅದು ಮುಖಕ್ಕೆ ಅಡ್ಡ ಇತ್ತಾ? ಹಾಗಿದ್ರೆ ಗೇಟು ಕಾಣಿಸ್ತಿತ್ತಾ?"

"ಇಲ್ಲ... ಎದೆ ಮಟ್ಟಕ್ಕಿತ್ತು ಅನ್ಸುತ್ತೆ."

"ಅನ್ಸುತ್ತೆ ಅಂತ ಬರ್ಕೊಳ್ಳೇ," ಹಿಂದಿನಿಂದ ಯಾರೋ ಅಂದರು.

"ಹಿಂದಿನ ಗೇಟೇ ಅಂತ ಹೇಗೆ ಹೇಳ್ತೀರಿ ಸರ್?"

ಇದಕ್ಕೆ ಮೇಷ್ಟ್ರ ಬಳಿ ಉತ್ತರವಿತ್ತು. ಕುರ್ಚಿಯಲ್ಲಿ ನೆಟ್ಟಗಾದರು. "ಬಿಸಿಲು. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿರ್ತಾನೆ. ಹಿಂದಿನ ಗೇಟಿಂದ ಬಂದ್ರೆ ಪೂರ್ವಕ್ಕೆ ಮುಖ, ಬಿಸಿಲು ಕಣ್ಣಿಗೆ. ಮುಂದಿನ ಗೇಟಿಂದ ಬಂದ್ರೆ ಪಶ್ಚಿಮಕ್ಕೆ ಮುಖ, ಬಿಸಿಲು ಬೆನ್ನಿಗೆ. ನನಗೆ ಕಣ್ಣಿಗೆ ಹೊಡೀತು. ಇದು ನೆನಪಲ್ಲ, ಭೌತಶಾಸ್ತ್ರ."

ತರಗತಿ ಒಪ್ಪಿಕೊಳ್ಳುವ ಹಾಗೆ ಕಂಡಿತು. ಹಾಗಿದ್ದರೆ ಉಳಿದ ಆರು ಜನ ತಪ್ಪು? ಇಪ್ಪತ್ನಾಲ್ಕು ವರ್ಷ ಎನ್ನುತ್ತದೆ ಎಂದು ಎಲ್ಲರೂ ನಂಬಿದ್ದ ಶಾಲೆಯ ದಾಖಲೆ ಪುಸ್ತಕವೂ ತಪ್ಪು? ಮುಖ್ಯೋಪಾಧ್ಯಾಯಿನಿ ತಡೆಯಲಾರದೆ ನಡುವೆ ಬಾಯಿ ಹಾಕಿದರು. "ದಾಖಲೆಯಲ್ಲಿ ಹಿಂದಿನ ಗೋಡೆ ಕೆಲಸ ಮುಗಿಯಿತು ಅಂತ ಮಾತ್ರ ಇದೆ. ಗೇಟಿನ ಸುದ್ದಿಯೇ ಇಲ್ಲ. ನಾನೂ ಇಷ್ಟು ದಿನ ಇದೆ ಅಂದ್ಕೊಂಡಿದ್ದೆ." ಹೇಳಿದ ಮೇಲೆ, ಇದನ್ನು ಹೇಳಬಾರದಿತ್ತೇನೋ ಎಂಬಂತೆ ನೆಗಡಿ ಮೇಡಂ ಕಡೆ ನೋಡಿದರು.

"ಆದ್ರೆ ಸರ್," ಹುಡುಗಿ ನಿಧಾನವಾಗಿ ಅಂದಳು, "ಮುಂದುಗಡೆ ಮಹಡಿ ಕಿಟಕಿಗೆ ಗಾಜಿದೆಯಲ್ಲ. ಹೋದ ತಿಂಗಳು ನೀವೇ ಪ್ರತಿಫಲನ ಪಾಠ ಮಾಡಿದ್ರಿ. ಬಿಸಿಲು ಬೆನ್ನಿಗಿದ್ರೂ ಗಾಜಿಗೆ ಬಿದ್ದು ಕಣ್ಣಿಗೆ ಬರಬಹುದಲ್ವಾ?"

ಮೇಷ್ಟ್ರು ಎದ್ದು ಕಿಟಕಿಯಾಚೆ ನೋಡಿದರು. ಬೀಳುವ ಕೋನ, ಮರಳುವ ಕೋನ, ಎಲ್ಲ ಅವರದೇ ಗೆರೆಗಳು, ಅವರದೇ ಬಾಣದ ಗುರುತುಗಳು. ಅವೆಲ್ಲ ಈಗ ಒಟ್ಟಾಗಿ ತಮ್ಮ ಮೇಲೇ ತಿರುಗಿ ನಿಂತಿದ್ದವು.

"ಗಂಟೆ ಎಷ್ಟು?" ಅಂದರು.

"ಎಂಟೂ ಮೂವತ್ತೈದು ಸರ್."

"ನಾನು ಬಂದಾಗಲೂ ಹೆಚ್ಚುಕಡಿಮೆ ಇಷ್ಟೇ. ಮೊದಲ ದಿನವೇ ತಡ ಆಗಿತ್ತು. ಏಳಿ. ಗಲಾಟೆ ಮಾಡದೆ ಬನ್ನಿ."

ಮೂವತ್ತೊಂದು ಮಕ್ಕಳು, ಇಬ್ಬರು ಮೇಡಂಗಳು ಮುಂದಿನ ಅಂಗಳಕ್ಕೆ ಬಂದರು. ಗೇಟಿನಿಂದ ಮೆಟ್ಟಿಲಿಗೆ ಎಂಟೇ ಹೆಜ್ಜೆ. ಮೇಷ್ಟ್ರು ಎದೆ ಮಟ್ಟಕ್ಕೆ ಬಳಪದ ಖಾಲಿ ಡಬ್ಬವೊಂದನ್ನು ಹಿಡಿದು ಬೀದಿಗೆ ಹೋದರು, ತಿರುಗಿದರು, ಹೊಸದಾಗಿ ಕೆಲಸಕ್ಕೆ ಸೇರುವವರ ಹಾಗೆ ಗೇಟು ದಾಟಿ ಒಳಗೆ ಕಾಲಿಟ್ಟರು. ಬೆನ್ನು ಬೆಚ್ಚಗಿತ್ತು. ಒಂದು ಹೆಜ್ಜೆ. ಎರಡು. ಮೂರನೆಯ ಹೆಜ್ಜೆಗೆ ಮಹಡಿಯ ಗಾಜಿನಿಂದ ಬಿಸಿಲು ಇಳಿದು ಬಂದು ನೇರ ಕಣ್ಣಿಗೆ ಹೊಡೆಯಿತು.

ಅವರು ಕಣ್ಣು ಕಿರಿದು ಮಾಡಿಕೊಂಡು ಅಲ್ಲೇ ನಿಂತರು.

"ಬಿತ್ತಾ ಸರ್?"

"ಬಿತ್ತು."

ಮಕ್ಕಳು ಹೋ ಎಂದು ಕೂಗಿದರು. ಆದರೆ ಮೇಷ್ಟ್ರು ಡಬ್ಬ ಇಳಿಸದೆ ಗಾಜನ್ನೇ ನೋಡುತ್ತಿದ್ದರು. "ಇರಿ, ಕುಣೀಬೇಡಿ. ನಾನು ಸೇರಿದ್ದು ಶಾಲೆ ಶುರುವಾಗೋ ದಿನ. ಆ ತಿಂಗಳಲ್ಲಿ ಸೂರ್ಯ ಈ ಜಾಗದಲ್ಲಿ ಇರಲ್ಲ, ಉತ್ತರಕ್ಕೆ ಸರಿದಿರ್ತಾನೆ. ಅವತ್ತು ಈ ಬೆಳಕು ಅಂಗಳದ ಆ ಮೂಲೆಗೆ ಹೋಗ್ತಿತ್ತೋ ಏನೋ."

"ಇನ್ನೊಂದು," ಮುಖ್ಯೋಪಾಧ್ಯಾಯಿನಿಗೆ ಈಗ ಹುರುಪು ಬಂದುಬಿಟ್ಟಿತ್ತು. "ಆಗ ಆ ಕಿಟಕಿಗೆ ಗಾಜಿತ್ತಾ, ಮರದ ಬಾಗಿಲಿತ್ತಾ? ನಂಗಂತೂ ನೆನಪಿಲ್ಲ."

"ಹಾಗಾದ್ರೆ ಸರ್ ಯಾವ ಗೇಟಿಂದ ಬಂದ್ರು?" ಒಬ್ಬ ಹುಡುಗ ಬೆಪ್ಪಾಗಿ ಕೇಳಿದ.

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಇಪ್ಪತ್ತೆರಡು ವರ್ಷಗಳಿಂದ ಈ ಅಂಗಳದಲ್ಲಿ ಪ್ರಶ್ನೆ ಬಂದಾಗಲೆಲ್ಲ ಉತ್ತರ ಬರುತ್ತಿದ್ದದ್ದು ಆ ಮುಖದಿಂದ. ಈಗ ಅಲ್ಲಿ ಬಿಸಿಲಿನ ಚೌಕವೊಂದು ಬಿಟ್ಟರೆ ಏನೂ ಇರಲಿಲ್ಲ.

"ಪರೀಕ್ಷೆ ಇನ್ನೊಮ್ಮೆ ಮಾಡಬೇಕು," ಅಂದರು ಕೊನೆಗೆ. "ಶಾಲೆ ಶುರುವಾಗೋ ದಿನವೇ."

"ಆದ್ರೆ ಸರ್, ಆಗ ನೀವು ಇಲ್ಲಿರ್ತೀರಾ?"

ಅವಳಿಗೆ ವರ್ಗಾವಣೆಯ ವಿಷಯ ಹೇಗೆ ಗೊತ್ತಾಯಿತೋ. ಶಾಲೆಯ ಗೋಡೆಗಳಲ್ಲಿ ಗೇಟು ಮುಚ್ಚಿದರೂ ಸುದ್ದಿ ನುಸುಳುತ್ತದೆ. ಮೇಷ್ಟ್ರು ಡಬ್ಬ ಕೆಳಗಿಳಿಸಿ ಗಂಟೆ ಹೊಡೆಯುವುದನ್ನು ಕಾದರು.

ನೆಗಡಿ ಮೇಡಂ ಮೆಟ್ಟಿಲ ಮೇಲೆ ಕುಳಿತು ತನ್ನ ಹಾಳೆಯನ್ನು ಅವರ ಮುಂದೆ ಹಿಡಿದಳು. "ಮೊದಲ ಇಪ್ಪತ್ತು ನಿಮಿಷ ನಾನು ಫೇಲು ಅಂತಲೇ ಬರೆದಿದ್ದೆ ಸರ್. ಹೇಳಿಕೆಗಳ ಸರಾಸರಿ ತೆಗೆಯೋರನ್ನ ನನ್ನ ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ."

"ಭಾಗಾಕಾರ ಸರಿ ಇತ್ತು," ಅಂದರು ಮೇಷ್ಟ್ರು, ದುರ್ಬಲವಾಗಿ.

"ಅದೇ ತೊಂದರೆ. ಆಮೇಲಿನ ಇಪ್ಪತ್ತೈದು ನಿಮಿಷಕ್ಕೆ ಏನು ಬರೀಬೇಕೋ ಗೊತ್ತಾಗ್ತಿಲ್ಲ. ಅದು ಪಾಠವೋ, ನೀವು ಸಿಕ್ಕಿಬಿದ್ದಿದ್ದೋ?"

"ನನಗೂ ಗೊತ್ತಾಗ್ತಿಲ್ಲ ಮೇಡಂ."

ಹಾಳೆಯ ಕೊನೆಯಲ್ಲಿ ಮೂರು ಚೌಕಗಳಿದ್ದವು. ಪಾಸು, ಫೇಲು, ಮತ್ತೊಮ್ಮೆ ನೋಡಬೇಕು. ಅವಳು ಒಂದು ಸೀನು ಸೀನಿ, ಮೂರನೆಯದರಲ್ಲಿ ಸರಿ ಗುರುತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ದಿನಾಂಕ ಬರೆದಳು. ಮುಂದಿನ ವರ್ಷ ಶಾಲೆ ಶುರುವಾಗುವ ದಿನ, ಬೆಳಿಗ್ಗೆ ಎಂಟೂವರೆ.

"ಅಲ್ಲೀವರೆಗೆ?"

"ಮತ್ತೊಮ್ಮೆ ನೋಡೋವರೆಗೆ ವರ್ಗ ಮಾಡೋ ಹಾಗಿಲ್ಲ, ನಿಯಮ ಹಾಗಿದೆ. ಆಮೇಲಿನದು ಆಮೇಲೆ. ಆ ಹುಡುಗಿಗೆ ಹೇಳಿ, ನಾನೂ ಬರ್ತೀನಿ."

ಖುಷಿಪಡಬೇಕೋ ಬೇಡವೋ ತಿಳಿಯದೆ ಮೇಷ್ಟ್ರು ಸಂಜೆ ಮನೆಗೆ ಬಂದರು. ಹೆಂಡತಿ ಅಮ್ಮನಿಗೆ ತಲೆ ಬಾಚುತ್ತಿದ್ದಳು.

"ಪಾಸಾ, ಫೇಲಾ?"

"ಎರಡೂ ಅಲ್ಲ. ಎಂಟು ತಿಂಗಳು ಇಲ್ಲೇ ಇರ್ತೀನಿ." ನಡೆದದ್ದನ್ನೆಲ್ಲ ಹೇಳಿದರು. ಅವಳು ಬಾಚಣಿಗೆ ಹಿಡಿದೇ ಕೇಳಿದಳು, ಕೊನೆಗೆ ಮೂಗು ಮುರಿದಳು.

"ಅಯ್ಯೋ, ನನ್ನನ್ನ ಕೇಳಿದ್ರೆ ಆಗ್ತಿರಲಿಲ್ವಾ? ಅವತ್ತು ನಿಮ್ಮಣ್ಣನ ಸ್ಕೂಟರಲ್ಲಿ ಹೋಗಿದ್ದು ನಾವು. ಡಬ್ಬ ಹಿಡ್ಕೊಂಡು ಹಿಂದೆ ಕೂತಿದ್ದು ನಾನು."

"ಸ್ಕೂಟರಾ? ನಾನು ನಡ್ಕೊಂಡು ಹೋದೆ."

"ಮದುವೆಯಾಗಿ ಹನ್ನೊಂದು ದಿನ ಆಗಿತ್ತು. ನಡೆಸ್ತಿದ್ರಾ ನನ್ನನ್ನ?"

ಮೇಷ್ಟ್ರು ಇನ್ನು ವಾದಕ್ಕೆ ಹೋಗಲಿಲ್ಲ. ಚೀಲದಿಂದ ಒಂದು ಖಾಲಿ ಕಾರ್ಡು ತೆಗೆದು, ಮೂಲೆಯಲ್ಲಿ ಎಂಟು ಎಂದು ಬರೆದು, ಮುಂಬದಿಯನ್ನು ಹಾಗೇ ಬಿಟ್ಟು ಹಿಂಬದಿಗೆ ತಿರುಗಿಸಿಕೊಂಡರು.

"ಸರಿ, ನಿಧಾನಕ್ಕೆ ಹೇಳು. ಸ್ಕೂಟರ್ ನಾನು ಯಾವ ಗೇಟಿನ ಹತ್ತಿರ ನಿಲ್ಲಿಸಿದೆ?"

"ಗೇಟು ಯಾರು ನೋಡ್ತಾರೆ?" ಅವಳು ಅಮ್ಮನ ಜಡೆಗೆ ಗಂಟು ಹಾಕುತ್ತಾ ಅಂದಳು. "ಡಬ್ಬದ ಮುಚ್ಚಳ ತೆರೆದುಕೊಂಡಿತ್ತು. ಒಳಗಿನ ಗಾಜಿಗೆ ಬಿಸಿಲು ಬಿದ್ದು ಫಳ್ ಅಂತ ಕಣ್ಣಿಗೆ ಹೊಡೀತು. ನಿಮಗೂ ಹೊಡೀತು, ಬೈದ್ರಿ ನನ್ನನ್ನ."

ಮೇಷ್ಟ್ರು ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಒಂದೊಂದೇ ಮಾತನ್ನು, ತಿದ್ದದೆ, ಬರೆದುಕೊಂಡರು.